ಸೊಪ್ಪಿನ ಬೇಕ್ ಅಡುಗೆ: ಕಟ್ಟಿನ ಲೆಕ್ಕ ಬೇಡ, ತೂಕ ಕೊಡಿ, ನೀರು ಹಿಂಡುವುದನ್ನು ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಇತ್ತೀಚೆಗೆ ಪಾಲಕ್ ಸೊಪ್ಪನ್ನು ಹಾಲು, ಚೀಸ್ ಮತ್ತು ಬ್ರೆಡ್ ಪುಡಿಯೊಂದಿಗೆ ಓವನ್ನಿನಲ್ಲಿ ಬೇಯಿಸುವ ವಿಧಾನವೊಂದು ಪ್ರಕಟವಾಗಿತ್ತು. ಊಟದ ಬದಿಗೆ ಬಡಿಸಿದರೂ ಹೊಟ್ಟೆಗೆ ಆಸರೆಯಾಗುವಂಥ ಅಡುಗೆ ಅದು. ಕಾರವಾರದಂಥ ಊರಿಗೆ ಅದು ಬಂದ ಹೊತ್ತೂ ಸರಿಯಾಗಿತ್ತು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಸಿಕ್ಕುವ ಅಲ್ಪಸ್ವಲ್ಪ ಮೀನಿನ ಬೆಲೆ ಕೇಳಿ ಬರಿಗೈಯಲ್ಲಿ ಮರಳುವವರೇ ಹೆಚ್ಚು. ಅದರ ಬೆನ್ನಿಗೇ ಶ್ರಾವಣ ಬರುತ್ತದೆ. ಕುಚ್ಚಲಕ್ಕಿ ಅನ್ನದ ಪಕ್ಕದಲ್ಲಿ ಗಟ್ಟಿಯಾದದ್ದೇನಾದರೂ ಇರಲಿ ಎಂದು ಮನೆಮಂದಿ ಬಯಸುವ ಈ ಎರಡು ತಿಂಗಳಿನಲ್ಲಿ ಸೊಪ್ಪಿಗೆ ಪಲ್ಯ, ಸಾರು, ತಂಬುಳಿಗಳನ್ನು ಬಿಟ್ಟು ಇನ್ನೊಂದು ದಾರಿ ತೋರಿಸಿದ್ದಕ್ಕಾಗಿ ಮೊದಲು ತಮಗೆ ಕೃತಜ್ಞತೆ ಹೇಳುತ್ತೇನೆ.

ಆದರೆ ಆ ವಿಧಾನವನ್ನು ಅಕ್ಷರಶಃ ಅನುಸರಿಸಿದ ನಮ್ಮ ಮನೆಯಲ್ಲಿ ಅಡುಗೆ ಕೆಟ್ಟಿತು. ಅದು ಏಕೆ ಕೆಟ್ಟಿತು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಪುಟವನ್ನು ಕತ್ತರಿಸಿ ಇಟ್ಟುಕೊಂಡವರು ನಮ್ಮ ಓಣಿಯಲ್ಲಿಯೇ ಇನ್ನೂ ಮೂವರಿದ್ದಾರೆ. ಸೊಸೆ ಹೇಳಿದಷ್ಟು ಹಾಲು, ಹೇಳಿದಷ್ಟು ಚೀಸ್, ಹೇಳಿದಂತೆ 'ಎರಡು ಕಟ್ಟು ಪಾಲಕ್' ಹೆಚ್ಚಿ ಹಾಕಿ, ಅರ್ಧ ಗಂಟೆ ಓವನ್ನಿನಲ್ಲಿಟ್ಟಳು. ಮೇಲೆ ನೋಡಿದರೆ ಚೀಸ್ ಕರಗಿ ಸೊಗಸಾಗಿಯೇ ಕಾಣುತ್ತಿತ್ತು. ಸೌಟು ಹಾಕಿ ಒಂದು ಪಾಲು ಎತ್ತಿದ ಕೂಡಲೇ ಆ ಕುಳಿಗೆ ಸುತ್ತಲಿನಿಂದ ತಿಳಿಹಸಿರು ನೀರು ಹರಿದು ಬಂದು ನಿಂತಿತು. ಬ್ರೆಡ್ ಪುಡಿ ನೆನೆದ ಬಿಸ್ಕತ್ತಿನಂತೆ ಮೆತ್ತಗಾಗಿತ್ತು. ಹಾಲಿನ ಸಾಸ್ ಒಡೆದು ಸಣ್ಣ ಸಣ್ಣ ಬಿಳಿ ಹರಳುಗಳಾಗಿ ಸೊಪ್ಪಿಗೆ ಅಂಟಿಕೊಂಡಿತ್ತು. ಮೊಮ್ಮಗ ಒಂದು ತುತ್ತು ತಿಂದು ಬಟ್ಟಲನ್ನು ದೂರ ಸರಿಸಿದ. 320 ರೂಪಾಯಿಯಷ್ಟು ಸಾಮಾನು ಹೋದದ್ದಕ್ಕಿಂತ, ತಾನು ಏನೋ ತಪ್ಪು ಮಾಡಿದೆನೆಂದು ಆ ಹುಡುಗಿ ಸಂಜೆಯಿಡೀ ನೊಂದುಕೊಂಡದ್ದು ನನಗೆ ಹೆಚ್ಚು ಬೇಸರ ತಂದಿತು. ತಪ್ಪು ಅವಳದ್ದಾಗಿರಲಿಲ್ಲ. ಸೊಪ್ಪಿನ ನೀರನ್ನು ಏನು ಮಾಡಬೇಕೆಂದು ಆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ.

ಪಾಲಕ್ ಸೊಪ್ಪಿನ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ನೀರೇ ಇರುತ್ತದೆ. ಹರಿವೆ, ಬಸಳೆಗಳ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಬಾಣಲೆಯಲ್ಲಿ ಪಲ್ಯ ಮಾಡುವಾಗ ಈ ನೀರು ನಮಗೆ ತೊಂದರೆ ಕೊಡುವುದಿಲ್ಲ, ಏಕೆಂದರೆ ಬಾಣಲೆ ಅಗಲ, ಉರಿ ಕೆಳಗಿನಿಂದ ನೇರ, ಬಾಯಿ ತೆರೆದದ್ದು. ನೀರು ಹಬೆಯಾಗಿ ಹೋಗುವುದನ್ನು ಕಣ್ಣಾರೆ ನೋಡುತ್ತ ಸೌಟು ಆಡಿಸುತ್ತೇವೆ. ಓವನ್ನಿನ ಟ್ರೇಯಲ್ಲಿ ಹಾಗಲ್ಲ. ಸೊಪ್ಪು ಮೂರು ಬೆರಳು ದಪ್ಪ ಕೂತಿರುತ್ತದೆ, ಮೇಲೆ ಸಾಸಿನ ಮುಚ್ಚಳ, ಅದರ ಮೇಲೆ ಚೀಸ್. ಎಲೆಯಿಂದ ಬಿಟ್ಟ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಉಪ್ಪು ಬೇರೆ ಅದನ್ನು ಇನ್ನಷ್ಟು ಎಳೆದು ತರುತ್ತದೆ. ಮೇಲಿನ ಪದರ ಕೆಂಪಗೆ ಗರಿಯಾಗಬೇಕಾದರೆ ಅಲ್ಲಿನ ಬಿಸಿ 140 ಡಿಗ್ರಿಯನ್ನಾದರೂ ದಾಟಬೇಕು. ಆದರೆ ನೀರು ಇರುವ ತನಕ ಆ ಜಾಗದ ಬಿಸಿ 100 ಡಿಗ್ರಿಯಿಂದ ಮೇಲೇರುವುದಿಲ್ಲ. ಓವನ್ನನ್ನು 200ಕ್ಕೆ ತಿರುಗಿಸಿದರೂ ಅಷ್ಟೇ. ಹೀಗಾಗಿ ಹಸಿ ಸೊಪ್ಪು ತುಂಬಿದ ಟ್ರೇ ಓವನ್ನಿನಲ್ಲಿ ಇದ್ದಷ್ಟು ಹೊತ್ತೂ ಬೇಯುವುದಲ್ಲದೆ ಸುಡುವುದಿಲ್ಲ, ಮತ್ತು ಈ ಅಡುಗೆಯ ರುಚಿಯಿರುವುದು ಸುಟ್ಟ ಅಂಚಿನಲ್ಲಿ.

ಇನ್ನು ಕಟ್ಟಿನ ಮಾತು. ಕಾರವಾರದ ರವಿವಾರದ ಸಂತೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಬಾಳೆಯ ನಾರಿನಿಂದ ಬಿಗಿದು ಕೊಡುವ ಹರಿವೆ ಕಟ್ಟು ಎರಡು ಕೈ ಸೇರಿಸಿ ಹಿಡಿಯುವಷ್ಟು ದಪ್ಪ. ಅದೇ ಘಟ್ಟದ ಮೇಲಿನಿಂದ, ಹುಬ್ಬಳ್ಳಿ ಬೆಳಗಾವಿ ಕಡೆಯಿಂದ, ಲಾರಿಯಲ್ಲಿ ಬರುವ ಪಾಲಕ್ ಕಟ್ಟು ಮುಷ್ಟಿಯೊಳಗೆ ಅಡಗುತ್ತದೆ. ಮಳೆಗಾಲದಲ್ಲಿ ಅದರಲ್ಲಿಯೂ ಅರ್ಧ ಕೊಳೆತ ಎಲೆ, ಉಳಿದರ್ಧದಲ್ಲಿ ದಂಟಿನ ಪಾಲು ಹೆಚ್ಚು. ನಾನು ಮರುವಾರ ತಕ್ಕಡಿ ಇಟ್ಟು ತೂಗಿ ನೋಡಿದೆ: ಪಾಲಕ್ ಕಟ್ಟೊಂದು 180 ಗ್ರಾಂ ಇತ್ತು, ಹರಿವೆಯ ಕಟ್ಟು 650 ಗ್ರಾಂ ಇತ್ತು. 'ಎರಡು ಕಟ್ಟು' ಎಂದು ಅಚ್ಚು ಹಾಕಿದರೆ ಓದುವವರು ಯಾವುದನ್ನು ಹಿಡಿಯಬೇಕು? ಹಾಲನ್ನು ಮಿಲಿಲೀಟರಿನಲ್ಲಿಯೂ ಬೆಣ್ಣೆಯನ್ನು ಗ್ರಾಮಿನಲ್ಲಿಯೂ ಹೇಳಿ, ಅಡುಗೆಯ ಮುಖ್ಯ ವಸ್ತುವನ್ನೇ ಕಟ್ಟಿನ ಲೆಕ್ಕದಲ್ಲಿ ಬಿಡುವುದು ಸರಿಯಲ್ಲವೆಂದು ನನ್ನ ವಿನಮ್ರ ಅಭಿಪ್ರಾಯ.

ಮತ್ತು ಪಾಲಕ್ಕೇ ಏಕೆ ಎಂಬುದು ನನ್ನ ಎರಡನೆಯ ಮಾತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್ ತಿಂಗಳಿನಲ್ಲಿ ಪಾಲಕ್ ಬೆಳೆದು ನಿಲ್ಲುವುದು ಕಷ್ಟ. ಹರಿವೆ ನಿಲ್ಲುತ್ತದೆ, ಬಸಳೆ ಚಪ್ಪರಕ್ಕೆ ಹಬ್ಬುತ್ತದೆ, ಕೆಸು ಹಳ್ಳದ ಬದಿಯಲ್ಲಿ ತಾನಾಗಿ ಏಳುತ್ತದೆ, ನುಗ್ಗೆ ಹಿತ್ತಲಿನಲ್ಲಿರುತ್ತದೆ, ಮೊದಲ ಮಳೆ ಬಿದ್ದು ಹದಿನೈದು ದಿನವಾಗುವುದರೊಳಗೆ ರಸ್ತೆಯಂಚಿನಲ್ಲೆಲ್ಲ ಚಗಟೆ ಚಿಗುರುತ್ತದೆ. ನಾನು ಹುಟ್ಟಿದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ, ಸಂಸಾರ ನಡೆಸಿದ್ದು ಕಾರವಾರದಲ್ಲಿ. ಎರಡೂ ಕಡೆಯ ಸೊಪ್ಪುಗಳನ್ನು ನಲವತ್ತು ವರ್ಷ ಬೇಯಿಸಿದ್ದೇನೆ. ಸೊಸೆಯ ಟ್ರೇ ಕೆಟ್ಟ ಮೇಲೆ ನಾವಿಬ್ಬರೂ ಸೇರಿ ಐದು ಬಾರಿ ಈ ಅಡುಗೆಯನ್ನು ನಮ್ಮ ಸೊಪ್ಪುಗಳಿಂದ ಮಾಡಿ ನೋಡಿದೆವು. ಪಾಲಕ್ಕಿಗಿಂತ ಹಸಿರು ಹರಿವೆ ಇದಕ್ಕೆ ಒಗ್ಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಅದರ ಎಲೆಗೆ ಕಸುವಿದೆ, ಹಿಂಡಿದರೆ ಪಾಲಕ್ಕಿನಂತೆ ಮುದ್ದೆಯಾಗುವುದಿಲ್ಲ, ಬೆಂದ ಮೇಲೂ ಹಲ್ಲಿಗೆ ಸಿಗುತ್ತದೆ.

ನಾವು ಕಂಡುಕೊಂಡ ಕ್ರಮವನ್ನು ವಿವರವಾಗಿಯೇ ಬರೆಯುತ್ತೇನೆ. ಬೇರು, ಬಲಿತ ದಂಟು ತೆಗೆದ ಹಸಿರು ಹರಿವೆಯ ಎಲೆ ಮತ್ತು ಎಳೆ ಕುಡಿ 750 ಗ್ರಾಂ ಬೇಕು. ತೆಗೆದ ದಂಟನ್ನು ಬಿಸಾಡಬೇಕಾಗಿಲ್ಲ, ಮರುದಿನದ ಹುಳಿಗೆ ಆಗುತ್ತದೆ. ಮಳೆಗಾಲದ ಸೊಪ್ಪಿಗೆ ಮಣ್ಣು ಸಿಡಿದಿರುವುದರಿಂದ ಮೂರು ನೀರಿನಲ್ಲಿ ಜಾಲಾಡಿಸಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಚೆನ್ನಾಗಿ ಮರಳುವಾಗ ಸೊಪ್ಪನ್ನು ಎರಡು ಪಾಲು ಮಾಡಿ ಹಾಕಿ, ಮುಚ್ಚದೆ, ಎರಡು ನಿಮಿಷ ಮಾತ್ರ ಕುದಿಸಿ ತೆಗೆಯಬೇಕು. ಮುಚ್ಚಿದರೆ ಸೊಪ್ಪಿನೊಳಗಿನ ಹುಳಿಯ ಅಂಶ ಹಬೆಯೊಂದಿಗೆ ಹೊರಗೆ ಹೋಗದೆ ಅಲ್ಲಿಯೇ ಉಳಿದು ಹಸಿರು ಬಣ್ಣವನ್ನು ಕಂದು ಮಾಡುತ್ತದೆ. ತೆಗೆದ ಕೂಡಲೇ ಬಾವಿಯ ತಣ್ಣೀರಿಗೆ ಹಾಕಿ ತಣಿಸಬೇಕು. ಆಮೇಲೆ ಹಿಂಡುವ ಕೆಲಸ. ಒಂದು ಹಿಡಿ ಸೊಪ್ಪನ್ನು ಉಂಡೆ ಮಾಡಿ ಎರಡೂ ಅಂಗೈ ನಡುವೆ ಒತ್ತಿದರೆ ಮೊದಲು ನೀರು ಧಾರೆಯಾಗಿ, ಆಮೇಲೆ ಹನಿಯಾಗಿ ಇಳಿಯುತ್ತದೆ. ಹನಿ ನಿಂತಿತೆಂದು ಅಲ್ಲಿಗೆ ಬಿಡಬಾರದು. ತೆಳುವಾದ ಹತ್ತಿಯ ಪಂಚೆಯಲ್ಲಿ ಕಟ್ಟಿ, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರೆ ಮತ್ತೆ ಕಾಲು ಲೋಟದಷ್ಟು ಹಸಿರು ನೀರು ಬರುತ್ತದೆ. ಟ್ರೇಯನ್ನು ಕೆಡಿಸಲು ಈ ಕಾಲು ಲೋಟವೇ ಸಾಕು. ಹಿಂಡಿ ಮುಗಿದಾಗ 750 ಗ್ರಾಂ ಸೊಪ್ಪು 300 ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಉಂಡೆಯನ್ನು ಮಣೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಮಣೆ ಒದ್ದೆಯಾಗುತ್ತಿರಲಿಲ್ಲ. ಪತ್ರಿಕೆಯವರು ಬೇರೆ ಯಾವ ಪರೀಕ್ಷೆಯನ್ನೂ ಬರೆಯದಿದ್ದರೂ ಈ ಮಣೆಯ ಪರೀಕ್ಷೆಯನ್ನು ಬರೆಯಬೇಕು.

ಹಿಂಡಿದ ಸೊಪ್ಪನ್ನು ಬಿಡಿಸಿ ಸಣ್ಣಗೆ ಹೆಚ್ಚಿಕೊಳ್ಳಬೇಕು. ಬಾಣಲೆಯಲ್ಲಿ 30 ಗ್ರಾಂ ಬೆಣ್ಣೆಗೆ ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಹಾಕಿ ಕೆಂಪಗಾಗುವಂತೆ ಹುರಿಯಬೇಕು. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಿಂದ ತಂದು ಅಡುಗೆಮನೆಯ ಜಂತಿಗೆ ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲು ಇನ್ನೂ ಉಳಿದಿದ್ದರೆ ಅದನ್ನೇ ಬಳಸಬೇಕು. ಅದರ ಸಿಹಿಗೆ ಹರಿವೆಯ ಒಗರು ಮಣಿಯುತ್ತದೆ. ಆ ಮೇಲೆ 30 ಗ್ರಾಂ ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು, 300 ಮಿಲಿಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಕದಡಿದರೆ ದೋಸೆ ಹಿಟ್ಟಿನಷ್ಟು ಗಟ್ಟಿಯಾದ ಸಾಸ್ ಸಿದ್ಧವಾಗುತ್ತದೆ. ಕಾಳುಮೆಣಸಿನ ಪುಡಿ, ಉಪ್ಪು, ಜೊತೆಗೆ ತುರಿದ ಜಾಯಿಕಾಯಿ ಒಂದು ಚಿಟಿಕೆ. ಐರೋಪ್ಯರು ಪಾಲಕ್ಕಿನ ಇಂಥ ಅಡುಗೆಗೆ ಜಾಯಿಕಾಯಿಯನ್ನು ತಪ್ಪದೆ ಹಾಕುತ್ತಾರೆ. ನಮ್ಮ ಶಿರಸಿ ಸಿದ್ದಾಪುರದ ತೋಟಗಳಲ್ಲಿ ಅಡಿಕೆ ಮರಗಳ ನಡುವೆಯೇ ಅದು ಬೆಳೆಯುತ್ತಿದ್ದರೂ ನಾವು ಅದನ್ನು ಸಿಹಿತಿಂಡಿಗೆ, ಮಕ್ಕಳ ಹೊಟ್ಟೆನೋವಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಸೊಪ್ಪಿಗೆ ಅದು ಎಷ್ಟು ಹೊಂದುತ್ತದೆಂಬುದು ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಹಾಲು ಬೇಡವೆನ್ನುವವರು ಮೈದಾದ ಬದಲು ಎರಡು ಚಮಚ ಅಕ್ಕಿ ಹಿಟ್ಟನ್ನು ದಪ್ಪ ತೆಂಗಿನ ಹಾಲಿಗೆ ಕದಡಿ ಬಳಸಬಹುದು. ಹಿಟ್ಟಿಲ್ಲದೆ ಬರಿಯ ತೆಂಗಿನ ಹಾಲನ್ನು ಹಾಕಿದರೆ ಓವನ್ನಿನ ಬಿಸಿಗೆ ಒಡೆದು ಎಣ್ಣೆ ಬೇರೆಯಾಗುತ್ತದೆ.

ಅಡುಗೆಗೆ ಗಟ್ಟಿತನ ಬರಲೆಂದು ನಾವು ಒಂದು ಬಟ್ಟಲು ಬೇಯಿಸಿದ ಅಲಸಂದೆ ಕಾಳನ್ನೂ ಒಂದು ಹಿಡಿ ಕುಚ್ಚಲಕ್ಕಿ ಅನ್ನವನ್ನೂ ಸೊಪ್ಪಿಗೆ ಬೆರೆಸಿದೆವು. ಅನ್ನ ಹಾಕುವುದು ನಮ್ಮ ಕಲ್ಪನೆಯಲ್ಲ. ಫ್ರಾನ್ಸಿನ ದಕ್ಷಿಣಕ್ಕಿರುವ ಪ್ರೊವಾನ್ಸ್ ಸೀಮೆಯಲ್ಲಿ 'ತಿಯಾನ್' ಎಂಬ ಮಣ್ಣಿನ ಪಾತ್ರೆಯಲ್ಲಿ ಸೊಪ್ಪು, ಅಕ್ಕಿ, ಚೀಸ್ ಕಲಸಿ ಬೇಯಿಸುವ ರೂಢಿಯಿದೆ; ಪಾತ್ರೆಯ ಹೆಸರೇ ಅಡುಗೆಗೂ ಬಂದಿದೆ. ಎಷ್ಟೇ ಹಿಂಡಿದರೂ ಎಲೆಯಲ್ಲಿ ಉಳಿಯುವ ನೀರನ್ನು ಅಕ್ಕಿ ಕುಡಿಯುತ್ತದೆ. ನಮ್ಮ ಪತ್ರೊಡೆಯಲ್ಲಿ ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಸವರುವುದರಲ್ಲಿಯೂ ಈ ತಿಳಿವಳಿಕೆಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ಎಲ್ಲವನ್ನೂ ಬೆಣ್ಣೆ ಸವರಿದ ಟ್ರೇಯಲ್ಲಿ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿ, 50 ಗ್ರಾಂ ಚೀಸ್ ತುರಿದು ಹಾಕಿ, ಅದರ ಮೇಲೆ ಹಿಂದಿನ ದಿನದ ಎರಡು ಪಾವ್ ಬ್ರೆಡ್ಡನ್ನು ಪುಡಿ ಮಾಡಿ, ಮೂರು ಚಮಚ ಕಾಯಿತುರಿ ಮತ್ತು ಒಂದು ಚಮಚ ತುಪ್ಪದೊಂದಿಗೆ ಕಲಸಿ ಉದುರಿಸಿದೆವು. ಆ ದಿನದ ಹೊಸ ಪಾವು ಇದಕ್ಕೆ ಆಗದು, ಅದು ಮೆತ್ತಗಿದ್ದು ಪುಡಿಯಾಗುವುದಿಲ್ಲ. ಮುಂಚೆಯೇ ಕಾಯಿಸಿಟ್ಟ ಓವನ್ನಿನಲ್ಲಿ 190 ಡಿಗ್ರಿಯಲ್ಲಿ 25 ನಿಮಿಷ. ಅಂಚಿನಲ್ಲಿ ಸಾಸ್ ಕುದಿದು ಗುಳ್ಳೆಯೇಳಬೇಕು, ಪಾವಿನ ಪುಡಿ ಹೊಂಬಣ್ಣಕ್ಕೆ ತಿರುಗಬೇಕು. ಹೊರತೆಗೆದ ಮೇಲೆ ಹತ್ತು ನಿಮಿಷ ಕೈ ಹಚ್ಚದೆ ಬಿಟ್ಟರೆ ಚಾಕುವಿನಿಂದ ಕತ್ತರಿಸಿ ಚೌಕವಾಗಿ ಎತ್ತಲು ಬರುತ್ತದೆ. ಮೂರನೆಯ ಬಾರಿಯ ಟ್ರೇಯಲ್ಲಿ ಒಂದು ಹನಿ ನೀರು ಇರಲಿಲ್ಲ. ತಳಕ್ಕೆ ಹಿಡಿದ ಕಂದು ಹೊರಪದರವನ್ನು ಮೊಮ್ಮಗ ಚಮಚದಿಂದ ಕೆರೆದು ಕೆರೆದು ತಿಂದ. ಫ್ರೆಂಚರು ಇಂಥ ಅಡುಗೆಗಳಿಗೆ ಇಟ್ಟಿರುವ 'ಗ್ರಾತ್ಯಾಂ' ಎಂಬ ಹೆಸರು ಕೆರೆಯುವುದು ಎಂಬ ಅರ್ಥದ ಶಬ್ದದಿಂದಲೇ ಬಂದದ್ದು.

ಓವನ್ ಇಲ್ಲದ ಮನೆಗಳ ಬಗ್ಗೆಯೂ, ಇದ್ದೂ ವಿದ್ಯುತ್ ಇಲ್ಲದ ಮನೆಗಳ ಬಗ್ಗೆಯೂ ಎರಡು ಮಾತು ಬೇಕು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ನಮ್ಮ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಎರಡು ಮೂರು ದಿನ ಕತ್ತಲೆಯೇ. ಹಾಗೆಂದು ಮೇಲೂ ಕೆಳಗೂ ಬಿಸಿ ಕೊಟ್ಟು ಬೇಯಿಸುವುದು ಇಲ್ಲಿನವರಿಗೆ ಹೊಸದಲ್ಲ. ಇಲ್ಲಿನ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತುರಿ, ರವೆ, ಬೆಲ್ಲ ಕಲಸಿ ಮಾಡುವ ತವಸಾಳಿಯನ್ನು ಹಿಂದೆ ದಪ್ಪ ತಳದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೆಯೂ ಕೆಂಡ ಹರಡಿ ಬೇಯಿಸುತ್ತಿದ್ದರು. ನಾವು ನಾಲ್ಕನೆಯ ಬಾರಿ ಮಾಡಿದ್ದು ಹಾಗೆಯೇ: ದಪ್ಪ ತಳದ ಪಾತ್ರೆಗೆ ಬಾಳೆಲೆ ಹಾಸಿ, ಅದರಲ್ಲಿ ಸೊಪ್ಪಿನ ಮಿಶ್ರಣ ಹರಡಿ, ಸಣ್ಣ ಉರಿಯ ಮೇಲಿಟ್ಟು, ಚಪ್ಪಟೆ ಮುಚ್ಚಳದ ಮೇಲೆ ತೆಂಗಿನ ಗರಟೆಯ ಕೆಂಡ ಸುರಿದೆವು. ಕೆಳಗಿನ ಉರಿಗಿಂತ ಮೇಲಿನ ಕೆಂಡ ಹೆಚ್ಚಿರಬೇಕು, ಇಲ್ಲವಾದರೆ ತಳ ಸೀಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಅದರ ಒಳಬದಿಯ ಹಬೆ ನೀರನ್ನು ಒರೆಸಬೇಕು. ಇದು ಸಣ್ಣ ಕೆಲಸವೆಂದು ಬಿಟ್ಟರೆ ಹಿಂಡಿದ್ದೆಲ್ಲ ವ್ಯರ್ಥ, ಆ ನೀರು ತೊಟ್ಟಿಕ್ಕಿ ಮತ್ತೆ ಪಾವಿನ ಪುಡಿಯ ಮೇಲೆಯೇ ಬೀಳುತ್ತದೆ. ಕೆಂಡದ ಮೇಲೆ ಬೆಂದದ್ದು ಓವನ್ನಿನದಕ್ಕಿಂತ ರುಚಿಯಾಗಿತ್ತೆಂದು ಮನೆಯವರೆಲ್ಲ ಹೇಳಿದರು. ಬಾಳೆಲೆಯ ಕಂಪು ಅದಕ್ಕೆ ಕಾರಣವಿರಬೇಕು.

ಉಳಿದ ಸೊಪ್ಪುಗಳ ವಿಷಯ. ಕೆಂಪು ಹರಿವೆಯೂ ಆಗುತ್ತದೆ, ಆದರೆ ಅದರ ಬಣ್ಣ ನೀರಿನಲ್ಲಿ ಕರಗುವಂಥದ್ದಾದ್ದರಿಂದ ಸಾಸ್ ಗುಲಾಬಿಯಾಗುತ್ತದೆ. ಮಕ್ಕಳಿಗೆ ಅದು ಇಷ್ಟ. ಬಸಳೆಯನ್ನು ಮಾತ್ರ ಹಿಂಡಲು ಹೋಗಬಾರದು, ಲೋಳೆ ಕೈಗೆ ಬರುತ್ತದೆಯೇ ಹೊರತು ನೀರು ಹೋಗುವುದಿಲ್ಲ. ಅದನ್ನು ಹೆಚ್ಚಿ, ತೆರೆದ ಬಾಣಲೆಯಲ್ಲಿ ಲೋಳೆ ಒಣಗುವವರೆಗೆ ಬಾಡಿಸಿ, ಹರಿವೆಯ ಜೊತೆ ಕಾಲು ಪಾಲಿನಷ್ಟು ಬೆರೆಸಬಹುದು. ಬಸಳೆ ತಾನೊಂದೇ ಇದ್ದರೆ ಸಿಗಡಿಯ ಜೊತೆ ಪದಾರ್ಥಕ್ಕೆ ಹೋಗುವುದೇ ಒಳ್ಳೆಯದು.

ಕೆಸುವಿನ ವಿಷಯದಲ್ಲಿ ತಮ್ಮ ಅಂಕಣದವರು ವಿಶೇಷ ಎಚ್ಚರ ವಹಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 'ಯಾವುದೇ ಹಸಿರು ಸೊಪ್ಪನ್ನು ಬಳಸಬಹುದು' ಎಂಬ ಒಂದು ಸಾಲು ಆ ಬರಹದ ಕೊನೆಗಿತ್ತು. ಅದನ್ನು ನಂಬಿ ಯಾರಾದರೂ ಹಸಿ ಕೆಸುವಿನ ಎಲೆಯನ್ನು ಹೆಚ್ಚಿ ಟ್ರೇಗೆ ಹಾಕಿದರೆ ಗಂಟಲು ಕೆರೆದು ಸಂಕಟಪಡುವುದು ಖಂಡಿತ. ಆ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಓವನ್ನಿನ ಅರ್ಧ ಗಂಟೆಯ ಒಣ ಬಿಸಿಯನ್ನು ನಂಬಿ ಅದನ್ನು ತಿನ್ನುವಂತಿಲ್ಲ. ನಮ್ಮ ಹಿರಿಯರು ಕೆಸುವಿಗೆ ಹುಣಸೆಯನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಹಾಕಿ ದೀರ್ಘಕಾಲ ಬೇಯಿಸುತ್ತಿದ್ದದ್ದು ಇದಕ್ಕಾಗಿ. ಕೆಸುವನ್ನು ಓವನ್ನಿಗೆ ಒಯ್ಯಲೇಬೇಕೆಂದಿದ್ದರೆ ಪತ್ರೊಡೆಯ ರೂಪದಲ್ಲಿ ಒಯ್ಯಬಹುದು: ಹುಳಿ ಹಾಕಿದ ಹಿಟ್ಟು ಸವರಿ, ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಬಿಲ್ಲೆಗಳಾಗಿ ಕತ್ತರಿಸಿ, ಕೊಬ್ಬರಿ ಎಣ್ಣೆ ಸವರಿದ ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಎರಡೂ ಮುಖ ಗರಿಗರಿಯಾಗುತ್ತದೆ. ಕಾವಲಿಯ ಮೇಲೆ ಹುರಿಯುವುದಕ್ಕಿಂತ ಎಣ್ಣೆ ಕಡಿಮೆ ಸಾಕು.

ಹರಿವೆ ಮತ್ತು ಪಾಲಕ್ಕಿನಲ್ಲಿಯೂ ಆಕ್ಸಲೇಟ್ ಇದೆ, ಆದರೆ ಅದರಲ್ಲಿ ನೀರಿನಲ್ಲಿ ಕರಗುವ ಪಾಲು ದೊಡ್ಡದು. ಕುದಿಸಿದ ನೀರನ್ನು ಚೆಲ್ಲಿದಾಗ ಅದರೊಂದಿಗೆ ಸಾಕಷ್ಟು ಹೋಗುತ್ತದೆ. ಕೆಲವು ಜೀವಸತ್ವಗಳೂ ಆ ನೀರಿನಲ್ಲಿಯೇ ಹೋಗುತ್ತವೆಂಬುದು ನಿಜ. ಆದರೆ ಆಕ್ಸಲೇಟ್ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲದಾದ್ದರಿಂದ, ಅಂಥ ಕಲ್ಲಿನಿಂದ ಬಳಲಿದವರಿರುವ ಮನೆಯಲ್ಲಿ ನಾನು ಆ ನೀರನ್ನು ಚೆಲ್ಲುವುದನ್ನೇ ಆರಿಸುತ್ತೇನೆ, ಮತ್ತು ನಮ್ಮ ಮನೆ ಅಂಥದ್ದು.

ಆದ್ದರಿಂದ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು: ಸೊಪ್ಪಿನ ಅಡುಗೆ ಅಚ್ಚಾಗುವಾಗ ಬಿಡಿಸಿದ ಎಲೆಯ ತೂಕವನ್ನು ಗ್ರಾಮಿನಲ್ಲಿ ಕೊಡಿ, ಹಿಂಡಿದ ಮೇಲೆ ಎಷ್ಟು ಉಳಿಯಬೇಕೆಂದೂ ಹೇಳಿ, ಮತ್ತು ಪಾಲಕ್ಕಿನ ಪಕ್ಕದಲ್ಲಿ ಕರಾವಳಿಯ, ಮಲೆನಾಡಿನ ಸೊಪ್ಪುಗಳ ಹೆಸರನ್ನು ಹಿಡಿದು ಯಾವುದು ಆಗುತ್ತದೆ, ಯಾವುದು ಆಗದು ಎಂದು ಬರೆಯಿಸಿ. ಜಾಗ ಸಾಲದೆಂದರೆ ಬಣ್ಣದ ಚಿತ್ರವನ್ನು ಅರ್ಧಕ್ಕೆ ಇಳಿಸಿದರೂ ಓದುಗರು ಬೇಸರಿಸುವುದಿಲ್ಲ.

ಐದನೆಯ ಬಾರಿ ನಾವು ಹರಿವೆಗೆ ಕಾಲು ಪಾಲು ಚಗಟೆ ಬೆರೆಸಿದೆವು. ಕೊಂಕಣಿಯವರು ತಾಯ್ಕಿಳೊ ಎನ್ನುವ ಈ ಸೊಪ್ಪಿನ ಸಣ್ಣ ಕಹಿ ಚೀಸಿನ ಜಿಡ್ಡನ್ನು ಮುರಿಯುತ್ತದೆ. ಐದರಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದದ್ದು ಅದೇ. ಆದರೆ ಚಗಟೆ ಎಳೆಯದಾಗಿದ್ದರೆ ಮಾತ್ರ ತಿನ್ನಲು ಯೋಗ್ಯ. ಹಳದಿ ಹೂ ಕಾಣಿಸಿಕೊಂಡ ಗಿಡದ ಎಲೆ ನಾರಾಗಿ, ಕಹಿಯೇರಿ, ಹಿಂಡಿದರೂ ಮೆತ್ತಗಾಗುವುದಿಲ್ಲ. ಈ ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ಶ್ರಾವಣಕ್ಕೆ ಮೊದಲೇ ಪ್ರಕಟಿಸಿ. ಕೋಡಿಬಾಗದ ರಸ್ತೆಯಂಚಿನಲ್ಲಿ ಅದು ಈಗ ಗೇಣುದ್ದವಿದೆ.

ಇತಿ ತಮ್ಮ ವಿಶ್ವಾಸಿ,
ಕಾರವಾರದ ಹಿರಿಯ ಓದುಗಳೊಬ್ಬಳು